ಒಂದು ಹಾಳೆ, ಹತ್ತು ಅಂಗಡಿ: ಸೈಡ್ ಇನ್‌ಕಮ್‌ಗೆ ಊರಲ್ಲೇ ದಾರಿ

ಸೈಡ್ ಇನ್‌ಕಮ್ ಅಂದ ಕೂಡಲೇ ಎಲ್ಲರೂ ಮೊಬೈಲ್ ತೆಗೆಯುತ್ತಾರೆ. ಟ್ರೇಡಿಂಗ್ ಆ್ಯಪ್, ಯೂಟ್ಯೂಬ್ ಚಾನೆಲ್, ಮನೆಯಲ್ಲೇ ಕೂತು ಡೇಟಾ ಎಂಟ್ರಿ. ನೀವು ಮೊಬೈಲ್ ಜೇಬಿಗೆ ಹಾಕಿ, ಬೀದಿಗೆ ಬನ್ನಿ. ದಾವಣಗೆರೆಯವರಾದರೆ ರಾಂ ಅಂಡ್ ಕೋ ಸರ್ಕಲ್ ಸುತ್ತಮುತ್ತ ಒಂದು ಗಂಟೆ ಓಡಾಡಿ. ಕನ್ನಡಕದ ಅಂಗಡಿ, ಟ್ಯೂಷನ್ ಸೆಂಟರ್, ಬ್ಯೂಟಿ ಪಾರ್ಲರ್, ಇನ್ವರ್ಟರ್ ಬ್ಯಾಟರಿ ಮಾರುವವರು, ಬ್ಲೌಸ್ ಹೊಲಿಯುವವರು ಎಲ್ಲರೂ ಕಣ್ಣಿಗೆ ಬೀಳುತ್ತಾರೆ. ಇವರಲ್ಲಿ ಹೆಚ್ಚಿನವರ ಕೆಲಸ ಚೆನ್ನಾಗಿಯೇ ಇದೆ. ಆದರೆ ನಾಲ್ಕು ರಸ್ತೆ ಆಚೆ ಇರುವ ನಿಟುವಳ್ಳಿಗೋ ವಿದ್ಯಾನಗರಕ್ಕೋ ಅದು ಗೊತ್ತಿಲ್ಲ. ಗೊತ್ತು ಮಾಡಿಸಲು ಮಾಲೀಕರಿಗೆ ಪುರುಸೊತ್ತಿಲ್ಲ, ದೊಡ್ಡ ಪತ್ರಿಕೆಯಲ್ಲಿ ಜಾಹೀರಾತು ಕೊಡುವಷ್ಟು ಬಜೆಟ್ ಇಲ್ಲ. ಆ ಕೆಲಸ ನೀವು ಮಾಡಿ, ಅದಕ್ಕೆ ದುಡ್ಡು ತಗೊಳ್ಳಿ. ಡಿಗ್ರಿ ಓದುತ್ತಿದ್ದರೂ ಆಗುತ್ತದೆ, ಹತ್ತರಿಂದ ಆರರ ನೌಕರಿ ಇದ್ದರೂ ಆಗುತ್ತದೆ. ಇಲ್ಲಿ ದಾವಣಗೆರೆಯನ್ನು ಇಟ್ಟುಕೊಂಡು ಹೇಳುತ್ತೇನೆ. ನಿಮ್ಮದು ತುಮಕೂರೋ ಶಿವಮೊಗ್ಗವೋ ಆದರೆ ಸರ್ಕಲ್‌ಗಳ ಹೆಸರು ಬದಲಿಸಿಕೊಳ್ಳಿ.

1. ಒಂದೇ ಮಾಲು ಹಿಡಿಯಿರಿ

ಪಾಂಪ್ಲೆಟ್, ಇನ್‌ಸ್ಟಾಗ್ರಾಂ ಪೇಜ್, ಕೇಬಲ್ ಟಿವಿ ಸ್ಕ್ರೋಲ್, ಆಟೋ ಹಿಂದಿನ ಸ್ಟಿಕ್ಕರ್ ಎಲ್ಲವನ್ನೂ ಮೊದಲ ದಿನವೇ ಮಾರಲು ಹೋಗಬೇಡಿ. ಒಂದು ಎ4 ಹಾಳೆಯಿಂದ ಶುರು ಮಾಡಿ. ಎರಡೂ ಕಡೆ ಕಲರ್ ಪ್ರಿಂಟ್, ಒಂದೊಂದು ಕಡೆ ಆರಾರು ಬಾಕ್ಸ್, ಒಟ್ಟು ಹನ್ನೆರಡು. ಹತ್ತು ಬಾಕ್ಸ್ ಮಾರಾಟಕ್ಕೆ. ಉಳಿದ ಎರಡರಲ್ಲಿ ಮನೆಯವರಿಗೆ ಬೇಕಾಗುವ ವಿಷಯ ಹಾಕಿ: ಬೆಂಗಳೂರು, ಹುಬ್ಬಳ್ಳಿ ಕಡೆಯ ರೈಲುಗಳ ಸಮಯ, ತುರ್ತಿಗೆ 112, ಆಂಬುಲೆನ್ಸ್‌ಗೆ 108, ಕರೆಂಟ್ ಹೋದರೆ 1912, ಆನ್‌ಲೈನ್ ಮೋಸಕ್ಕೆ 1930. ಈ ಎರಡು ಬಾಕ್ಸ್‌ಗಾಗಿಯೇ ಆ ಹಾಳೆ ರದ್ದಿಗೆ ಹೋಗದೆ ಫ್ರಿಜ್ ಮೇಲೆ ಉಳಿಯುತ್ತದೆ. ಅದರ ಜೊತೆ ಹತ್ತು ಅಂಗಡಿಗಳೂ ಉಳಿಯುತ್ತವೆ.

ಇನ್‌ಸ್ಟಾಗ್ರಾಂ ಕಾಲದಲ್ಲಿ ಪೇಪರ್ ಯಾಕೆ ಅಂತ ನಿಮ್ಮ ಫ್ರೆಂಡ್ಸ್ ನಗಬಹುದು. ನಗಲಿ. ಫಾಲೋವರ್‌ಗಳೇ ಇಲ್ಲದ ಹೊಸ ಪೇಜ್ ತೋರಿಸಿ ಐವತ್ತು ವರ್ಷದ ಅಂಗಡಿ ಮಾಲೀಕರ ಹತ್ತಿರ ದುಡ್ಡು ಕೇಳುವುದು ಕಷ್ಟ. ಹಾಳೆಯನ್ನು ಅವರು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಗಲ್ಲಾ ಪೆಟ್ಟಿಗೆ ಪಕ್ಕ ಇಟ್ಟುಕೊಳ್ಳುತ್ತಾರೆ. ಜನರ ಕೈಗೆ ಸಿಗುವ ಜಾಗ ಹುಡುಕುವುದು ಹೊಸ ವಿದ್ಯೆಯೂ ಅಲ್ಲ. ಮೈಸೂರು ಸ್ಯಾಂಡಲ್ ಸೋಪನ್ನು ಪ್ರಚಾರ ಮಾಡಿದ ಆ ಕಾಲದವರು ಟ್ರಾಮ್ ಟಿಕೆಟ್, ಬೆಂಕಿಪೊಟ್ಟಣವನ್ನೂ ಬಿಟ್ಟಿರಲಿಲ್ಲ. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಮಾಡಿಸಿದ್ದರು. ನಿಮಗೆ ಒಂಟೆ ಬೇಡ, ಹಾಳೆ ಸಾಕು.

2. ಬೀದಿಗಿಳಿಯುವ ಮುಂಚೆ ಲೆಕ್ಕ ಹಾಕಿ

ಮೂರು ಪ್ರಿಂಟಿಂಗ್ ಪ್ರೆಸ್‌ಗೆ ಹೋಗಿ ಕೊಟೇಶನ್ ತಗೊಳ್ಳಿ. ರೇಟು ಊರಿಂದ ಊರಿಗೆ, ಪೇಪರ್‌ನ ಜಿಎಸ್‌ಎಂ ಮೇಲೆ ಬದಲಾಗುತ್ತದೆ. ಲೆಕ್ಕದ ರೀತಿ ತಿಳಿಯಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. 5,000 ಹಾಳೆಯ ಪ್ರಿಂಟಿಂಗ್‌ಗೆ 11,000 ರೂಪಾಯಿ. ಪೇಪರ್ ಒಳಗೆ ಸೇರಿಸಿ ಹಂಚಲು ಹಾಳೆಗೆ 80 ಪೈಸೆಯಂತೆ 4,000. ಡಿಸೈನ್‌ಗೆ 1,500. ಪೆಟ್ರೋಲು, ಟೀಗೆ 500. ಒಟ್ಟು 17,000.

ಒಂದು ಬಾಕ್ಸ್‌ಗೆ 2,500 ಇಡಿ. ಹತ್ತು ಬಾಕ್ಸ್‌ಗೆ 25,000. ಖರ್ಚು ಕಳೆದರೆ 8,000 ನಿಮಗೆ. ಏಳನೇ ಬಾಕ್ಸ್ ಮಾರಿದಾಗ ಹಾಕಿದ ದುಡ್ಡು ವಾಪಸ್ ಬರುತ್ತದೆ, ಎಂಟರಿಂದ ಮುಂದಕ್ಕೆ ನಿಮ್ಮ ಸಂಪಾದನೆ. ಈ ‘ಏಳು’ ನಿಮ್ಮ ಊರಲ್ಲಿ ಎಷ್ಟು ಅಂತ ಮೊದಲು ಕಂಡುಕೊಳ್ಳಿ. ಒಂಬತ್ತು ಅಂತ ಬಂದರೆ ಬಾಕ್ಸ್ ರೇಟ್ ಏರಿಸಿ, ಇಲ್ಲವೇ ಬೇರೆ ಪ್ರೆಸ್ ಹಿಡಿಯಿರಿ.

ಇದೇ ಲೆಕ್ಕ ಅಂಗಡಿಯವರ ಮುಂದೆ ನಿಮ್ಮ ಆಯುಧವೂ ಹೌದು. 5,000 ಮನೆಗೆ 2,500 ರೂಪಾಯಿ ಅಂದರೆ ಮನೆಗೆ 50 ಪೈಸೆ. ಅವರೊಬ್ಬರೇ ಪಾಂಪ್ಲೆಟ್ ಮಾಡಿಸಿದರೆ ಖರ್ಚು ಪೂರ್ತಿ ಅವರ ತಲೆಗೆ. ಹತ್ತು ಜನ ಸೇರಿದ್ದರಿಂದ ಅಗ್ಗವಾಯಿತು. ಇದರಲ್ಲಿ ಮುಚ್ಚುಮರೆ ಏನೂ ಬೇಡ, ಬಿಡಿಸಿ ಹೇಳಿ. ವ್ಯಾಪಾರಸ್ಥರಿಗೆ ಇಂಥ ಲೆಕ್ಕ ನಿಮಗಿಂತ ಬೇಗ ಅರ್ಥವಾಗುತ್ತದೆ.

3. ಒಬ್ಬ ಗಿರಾಕಿಯಿಂದಲೇ ದುಡ್ಡು ವಸೂಲಾಗುವ ಅಂಗಡಿ ಹಿಡಿಯಿರಿ

ಬೀಡಾ ಅಂಗಡಿಗೆ 2,500 ರೂಪಾಯಿ ವಾಪಸ್ ಬರಬೇಕಾದರೆ ಎಷ್ಟು ಎಲೆ ಮಡಚಬೇಕು ಯೋಚಿಸಿ. ಸೋಲಾರ್ ವಾಟರ್ ಹೀಟರ್ ಮಾರುವವರಿಗೆ ಒಂದೇ ಮನೆ ಸಾಕು. ಹಾಗಾಗಿ ಪಟ್ಟಿ ಮಾಡುವಾಗ ಒಂದು ಗಿರಾಕಿಗೆ ಎಷ್ಟು ಲಾಭ ಎಂಬುದನ್ನೇ ನೋಡಿ. ಆರ್‌ಒ ವಾಟರ್ ಫಿಲ್ಟರ್, ಇನ್ವರ್ಟರ್, ಯುಪಿವಿಸಿ ಕಿಟಕಿ, ಮಾಡ್ಯುಲರ್ ಕಿಚನ್, ಡ್ರೈವಿಂಗ್ ಸ್ಕೂಲ್, ಟ್ಯೂಷನ್, ಜಿಮ್, ಕ್ಯಾಟರಿಂಗ್, ಬೊಟಿಕ್, ಆಪ್ಟಿಕಲ್ಸ್ ಮೇಲಿರಲಿ. ಕಿರಾಣಿ, ಜ್ಯೂಸ್ ಅಂಗಡಿ ಕೆಳಗಿರಲಿ. ಹೊಸದಾಗಿ ಬಾಗಿಲು ತೆರೆದ ಅಂಗಡಿ ಯಾವುದಿದ್ದರೂ ಮೊದಲ ಸಾಲಿಗೆ ಬರಲಿ, ಅವರಿಗೆ ಜನ ಬರುವುದು ಈಗಲೇ ಬೇಕು.

ಹೆಸರಾಂತ ಬೆಣ್ಣೆ ದೋಸೆ ಹೋಟೆಲ್‌ಗೆ ಜಾಹೀರಾತು ಮಾರಲು ಹೋಗಬೇಡಿ. ಅಲ್ಲಿ ಈಗಾಗಲೇ ಕ್ಯೂ ಇದೆ. ದೋಸೆ ತಿನ್ನಲು ಹೋಗಿ.

4. ಕೆಲವು ಬಾಗಿಲು ತಟ್ಟಲೇಬೇಡಿ

ವಕೀಲರು ಜಾಹೀರಾತು ಕೊಡುವಂತಿಲ್ಲ, ಬಾರ್ ಕೌನ್ಸಿಲ್ ನಿಯಮ ಬಿಡುವುದಿಲ್ಲ. ಡಾಕ್ಟರ್‌ಗಳಿಗೂ ವೃತ್ತಿ ನಿಯಮಗಳ ಕಟ್ಟುಪಾಡಿದೆ. ಕ್ಲಿನಿಕ್ ಶುರು ಮಾಡಿದ್ದು, ವಿಳಾಸ ಬದಲಾದದ್ದನ್ನು ತಿಳಿಸಬಹುದೇ ಹೊರತು ಅಂಗಡಿಯಂತೆ ಆಫರ್ ಕೊಡುವಂತಿಲ್ಲ. ಅವರ ಹಿಂದೆ ಅಲೆದು ಟೈಮ್ ಹಾಳು ಮಾಡಿಕೊಳ್ಳಬೇಡಿ.

ಇನ್ನು ದುಡ್ಡು ಕೈಗೆ ತುರುಕಲು ಬರುವವರ ಬಗ್ಗೆ ಹುಷಾರು. ಸಕ್ಕರೆ ಕಾಯಿಲೆ ಗ್ಯಾರಂಟಿ ಗುಣ, ಪಾರ್ಶ್ವವಾಯುವಿಗೆ ಔಷಧಿ, ಎತ್ತರ ಹೆಚ್ಚಿಸುವ ಪುಡಿ. ಇಂಥ ಜಾಹೀರಾತುಗಳನ್ನು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ನಿಷೇಧಿಸಿದೆ. ಕೋಚಿಂಗ್ ಸೆಂಟರ್‌ನವರು ‘ಸೆಲೆಕ್ಷನ್ ಗ್ಯಾರಂಟಿ’ ಅಂತ ಹಾಕಿಸಿ ಅಂದರೂ ಹಾಕಬೇಡಿ. ಕೋಚಿಂಗ್ ಜಾಹೀರಾತುಗಳಿಗೆಂದೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ತಂದಿದೆ. ದಾರಿ ತಪ್ಪಿಸುವ ಜಾಹೀರಾತನ್ನು ಪ್ರಕಟಿಸಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಹಾಳೆ ಹೊರಡಿಸುವವರು ನೀವು. 2,500ಕ್ಕೆ ಆ ತಲೆನೋವು ಯಾಕೆ?

5. ಒಂದು ಲೈನ್‌ಗೆ ಒಬ್ಬರೇ

ಒಂದು ಹಾಳೆಯಲ್ಲಿ ಒಂದೇ ಆಪ್ಟಿಕಲ್ಸ್, ಒಂದೇ ಪಾರ್ಲರ್, ಒಂದೇ ಡ್ರೈವಿಂಗ್ ಸ್ಕೂಲ್. ಇದನ್ನು ಮೊದಲೇ ಹೇಳಿ. ‘ನಿಮ್ಮ ಲೈನ್‌ನಲ್ಲಿ ಈ ಜಾಗ ನಿಮಗೊಬ್ಬರಿಗೇ’ ಎಂಬ ಮಾತಿಗೆ ಬೆಲೆಯಿದೆ, ಎದುರು ಅಂಗಡಿಯವರು ತಗೊಂಡುಬಿಟ್ಟರೆ ಎಂಬ ಯೋಚನೆ ತಾನಾಗೇ ಬರುತ್ತದೆ. ಆದರೆ ಕೊಟ್ಟ ಮಾತು ಉಳಿಸಿಕೊಳ್ಳಿ. ಹತ್ತನೇ ಬಾಕ್ಸ್ ಖಾಲಿ ಉಳಿಯಿತೆಂದು ಇನ್ನೊಬ್ಬ ಆಪ್ಟಿಕಲ್ಸ್‌ನವರಿಗೆ ಕೊಟ್ಟರೆ ಅಶೋಕ ರಸ್ತೆ ಪೂರ್ತಿ ಸಂಜೆಯೊಳಗೆ ಸುದ್ದಿಯಾಗುತ್ತದೆ. ಖಾಲಿ ಬಾಕ್ಸ್‌ನಲ್ಲಿ ನಿಮ್ಮದೇ ಜಾಹೀರಾತು ಹಾಕಿ: ‘ಮುಂದಿನ ತಿಂಗಳು ಈ ಜಾಗ ನಿಮ್ಮದಾಗಬಹುದು.’

6. ಹೊತ್ತು ನೋಡಿ ಹೋಗಿ

ಬೋಣಿ ಆಗುವ ಮುಂಚೆ ಅಂಗಡಿ ಮೆಟ್ಟಿಲು ಹತ್ತಿ ದುಡ್ಡಿನ ಮಾತು ಆಡಬೇಡಿ. ನೀವು ನಂಬುತ್ತೀರೋ ಇಲ್ಲವೋ ಬೇರೆ ವಿಷಯ, ಅವರು ನಂಬುತ್ತಾರೆ. ಶುಕ್ರವಾರ ಲಕ್ಷ್ಮಿಯನ್ನು ಹೊರಗೆ ಕಳಿಸಬಾರದು ಅನ್ನುವವರು ಇಂದಿಗೂ ಬೇಕಾದಷ್ಟು ಜನ ಇದ್ದಾರೆ. ಅಮಾವಾಸ್ಯೆ ದಿನ ಪೂಜೆಯ ಗಡಿಬಿಡಿ. ಇವೆಲ್ಲ ಬಿಟ್ಟು ಉಳಿದ ದಿನ, ಮಧ್ಯಾಹ್ನ ಊಟ ಮುಗಿಸಿ ಮಾಲೀಕರು ಗಲ್ಲಾ ಮೇಲೆ ಕೂತು ಪೇಪರ್ ತಿರುವಿ ಹಾಕುವ ಹೊತ್ತು ಸರಿ. ಬಟ್ಟೆ ಅಂಗಡಿಗೆ ಸಂಜೆ ಹೋಗಬೇಡಿ. ಟ್ಯೂಷನ್ ಸೆಂಟರ್‌ಗೆ ಸಂಜೆ ಹೋದರೆ ಮಕ್ಕಳಿರುತ್ತಾರೆ, ಬೆಳಿಗ್ಗೆ ಹೋಗಿ.

ನೌಕರಿಯಲ್ಲಿರುವವರಿಗೆ ಮಧ್ಯಾಹ್ನ ಸಿಗುವುದಿಲ್ಲ, ನಿಜ. ಶನಿವಾರ, ಭಾನುವಾರದ ಮಧ್ಯಾಹ್ನಗಳನ್ನು ಇದಕ್ಕೇ ಮೀಸಲಿಡಿ. ಹಳೇ ಪೇಟೆಯ ಅಂಗಡಿಗಳಲ್ಲಿ ಯಾವುದಕ್ಕೆ ಯಾವ ದಿನ ರಜೆ ಅಂತ ಬರೆದಿಟ್ಟುಕೊಳ್ಳಿ.

7. ನಾಲ್ಕು ವಾಕ್ಯ ಬಾಯಿಪಾಠ ಮಾಡಿ

“ನಂಗೆ ಮಾತಾಡಕ್ಕೆ ಬರಲ್ಲ” ಎನ್ನುವುದು ಸ್ವಭಾವ ಅಲ್ಲ, ರೂಢಿ. ಒಳ್ಳೆಯ ರೂಢಿ ಮಾಡಿಕೊಂಡರೆ ಹೋಗುತ್ತದೆ. ಭಾಷಣ ಬೇಡ. ಇಷ್ಟು ಹೇಳಿದರೆ ಸಾಕು:

“ಯಜಮಾನ್ರೇ, ನಮಸ್ಕಾರ. ನಮ್ಮ ಏರಿಯಾದ ಹತ್ತು ಅಂಗಡಿ ಸೇರಿ ಒಂದು ಹಾಳೆ ಮಾಡ್ತಿದೀವಿ, ಐದು ಸಾವಿರ ಮನೆಗೆ ಪೇಪರ್ ಜೊತೆ ಹೋಗುತ್ತೆ. ನಿಮ್ಮ ಲೈನ್‌ನಲ್ಲಿ ಒಬ್ಬರಿಗೇ ಜಾಗ, ಮನೆಗೆ ಐವತ್ತು ಪೈಸೆ ಬೀಳುತ್ತೆ. ನೋಡಿ, ನಿಮ್ಮದು ಹಿಂಗೆ ಕಾಣುತ್ತೆ.”

ಕೊನೆಯ ವಾಕ್ಯದ ಜೊತೆ ಕೈಯಲ್ಲಿ ಹಾಳೆ ಕೊಡಿ. ಅದರಲ್ಲಿ ಅವರ ಅಂಗಡಿಯ ಹೆಸರು ಆಗಲೇ ಇರಬೇಕು. ಹಿಂದಿನ ರಾತ್ರಿ ಕ್ಯಾನ್ವಾದಲ್ಲಿ ಒಂದು ಸ್ಯಾಂಪಲ್ ಮಾಡಿ, ಕಲರ್ ಪ್ರಿಂಟ್ ತೆಗೆಸಿ. ತಮ್ಮ ಅಂಗಡಿಯ ಹೆಸರು ಅಚ್ಚಾಗಿರುವುದನ್ನು ಕಂಡವರು ಕನ್ನಡಕ ಹುಡುಕುತ್ತಾರೆ. ಆಮೇಲೆ ನೀವು ಸುಮ್ಮನಿರಿ. ಹೊಸಬರು ಸೋಲುವುದು ಇಲ್ಲೇ. ಗಾಬರಿಯಲ್ಲಿ ಮಾತು ಮುಂದುವರಿಸಿ, ಕೇಳದೇ ಇರುವ ಡಿಸ್ಕೌಂಟ್ ತಾವಾಗಿಯೇ ಕೊಟ್ಟುಬಿಡುತ್ತಾರೆ.

ಮೊದಲ ಐದು ಅಂಗಡಿ ನೀವು ಗಿರಾಕಿಯಾಗಿರುವ ಜಾಗಗಳೇ ಆಗಿರಲಿ: ನೀವು ಕಟಿಂಗ್ ಮಾಡಿಸುವ ಸಲೂನು, ಅಮ್ಮ ಬ್ಲೌಸ್ ಹೊಲಿಸುವ ಅಕ್ಕ, ನಿಮ್ಮ ಬೈಕ್ ಸರ್ವಿಸ್ ಮಾಡುವ ಅಣ್ಣ. ಇವರು ಬೇಡ ಅಂದರೂ ಕೂರಿಸಿ ಮಾತಾಡಿಸುತ್ತಾರೆ. ಅಷ್ಟರಲ್ಲಿ ನಿಮ್ಮ ನಾಲಿಗೆ ಸಡಿಲವಾಗಿರುತ್ತದೆ.

8. ‘ನಾಳೆ ಬಾ’ ಅಂದರೆ ನಾಳೆಯೇ ಹೋಗಿ

ಹಿಂದೆ ದೆವ್ವ ಒಳಗೆ ಬರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ಅಂಗಡಿಯವರು ಸೇಲ್ಸ್‌ನವರಿಗೆ ಅದನ್ನೇ ಬಾಯಲ್ಲಿ ಹೇಳುತ್ತಾರೆ. ದೆವ್ವ ಓದಿ ವಾಪಸ್ ಹೋಯಿತು, ನೀವು ಹೋಗಬೇಡಿ. “ಎಷ್ಟು ಗಂಟೆಗೆ ಬರ್ಲಿ ಯಜಮಾನ್ರೇ?” ಅಂತ ಕೇಳಿ, ಅವರೆದುರೇ ಡೈರಿಯಲ್ಲಿ ಬರೆದುಕೊಳ್ಳಿ, ಅದೇ ಹೊತ್ತಿಗೆ ಹಾಜರಾಗಿ. ಹೇಳಿದ ಟೈಮಿಗೆ ಬರುವ ಹುಡುಗ, ಹುಡುಗಿಯನ್ನು ಅವರು ಅಪರೂಪಕ್ಕೆ ನೋಡುತ್ತಾರೆ.

ಬೇರೆ ಮಾತುಗಳಿಗೂ ಉತ್ತರ ಸಿದ್ಧವಿರಲಿ. “ಹೋದ ವರ್ಷ ಹಾಕ್ಸಿದ್ದೆ, ಏನೂ ಬರ್ಲಿಲ್ಲ” ಅಂದರೆ ವಾದ ಮಾಡಬೇಡಿ, ಆ ಹಳೇ ಪಾಂಪ್ಲೆಟ್ ಇದೆಯಾ ಕೇಳಿ. ಹತ್ತರಲ್ಲಿ ಎಂಟು ಸಲ ಅದರಲ್ಲಿ ಮಾಲೀಕರ ಫೋಟೋ ದೊಡ್ಡದಿರುತ್ತದೆ, ಆಫರ್ ಇರುವುದೇ ಇಲ್ಲ. ಮುಂದಿನ ಮಾತು ನಿಮಗೆ ತಾನಾಗಿ ಸಿಗುತ್ತದೆ. “ಮಗನ್ನ ಕೇಳ್ಬೇಕು” ಅಂದರೆ ಮಗನ ನಂಬರ್ ತಗೊಂಡು ಅಲ್ಲೇ ಕಾಲ್ ಮಾಡಿ. “ಬೇಡ” ಅಂತ ನೇರವಾಗಿ ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಅವರು ನಿಮಗೆ ಉಪಕಾರ ಮಾಡಿದ್ದಾರೆ, ಟೈಮ್ ಉಳಿಯಿತು.

9. ದುಡ್ಡು ಮೊದಲು, ಪ್ರಿಂಟ್ ಆಮೇಲೆ

ಸೈಡ್ ಇನ್‌ಕಮ್ ಶುರು ಮಾಡಿದವರು ಮುಳುಗುವುದು ಗಿರಾಕಿ ಸಿಗದೆ ಅಲ್ಲ, ಉದ್ರಿ ಕೊಟ್ಟು. ಹಾಳೆ ಹಂಚಿ ಆದ ಮೇಲೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. 2,500ಕ್ಕಾಗಿ ತಿಂಗಳುಗಟ್ಟಲೆ ಒಂದೇ ಅಂಗಡಿಗೆ ಅಲೆಯುತ್ತೀರಿ. ಪೆಟ್ರೋಲ್ ಖರ್ಚಿಗೇ ಲಾಭ ಹೋಗುತ್ತದೆ. ಆದ್ದರಿಂದ ಜಾಗ ಕಾಯ್ದಿರಿಸಲು ಅರ್ಧ, ಡಿಸೈನ್ ಒಪ್ಪಿದ ದಿನ ಉಳಿದರ್ಧ. ಪೂರ್ತಿ ಬಾರದೆ ಪ್ರೆಸ್‌ಗೆ ಫೈಲ್ ಹೋಗುವುದಿಲ್ಲ. ಎಷ್ಟೋ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಬೋರ್ಡ್ ತೂಗುತ್ತಿರುತ್ತದೆ. ಅದೇ ಮಾತನ್ನು ನೀವು ನಗುತ್ತಾ ಹೇಳಿದರೆ ಯಾರೂ ಬೇಜಾರಾಗುವುದಿಲ್ಲ.

ಕೇಳುವಾಗ ಧ್ವನಿ ಇಳಿಸಬೇಡಿ. “ಏನಾದ್ರೂ ಅಡ್ವಾನ್ಸ್ ಕೊಟ್ಟಿದ್ರೆ ಅನುಕೂಲ ಆಗ್ತಿತ್ತು” ಎಂದು ಎಳೆಯಬೇಡಿ. “1,250 ಫೋನ್‌ಪೇ ಮಾಡಿ ಯಜಮಾನ್ರೇ, ರಸೀದಿ ಬರೀತೀನಿ” ಅನ್ನಿ. ರಸೀದಿ ಪುಸ್ತಕ ಕೈಯಲ್ಲೇ ಇರಲಿ. ನಂಬರ್ ಹಾಕಿದ ರಸೀದಿ ಕೊಟ್ಟ ಕ್ಷಣದಿಂದ ಅವರ ಕಣ್ಣಲ್ಲಿ ನೀವು ಕಾಲೇಜು ಹುಡುಗ ಅಲ್ಲ, ವ್ಯಾಪಾರಸ್ಥ. ಏಳು ಬಾಕ್ಸ್ ತುಂಬದೇ ಹಾಳೆ ರದ್ದಾದರೆ? ಅಡ್ವಾನ್ಸನ್ನು ಅದೇ ದಿನ ವಾಪಸ್ ಕೊಡಿ. ಅಡ್ವಾನ್ಸ್ ದುಡ್ಡನ್ನು ಪ್ರಿಂಟ್ ಆಗುವ ತನಕ ಮುಟ್ಟಬಾರದು ಅಂತ ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

10. ಜಾಹೀರಾತಿನ ಮಾತು ನೀವೇ ಬರೆಯಿರಿ

ಮಾಲೀಕರನ್ನು ಕೇಳಿದರೆ ‘ನುರಿತ ಸಿಬ್ಬಂದಿ, ಉತ್ತಮ ಗುಣಮಟ್ಟ, ಒಮ್ಮೆ ಭೇಟಿ ಕೊಡಿ’ ಅನ್ನುತ್ತಾರೆ. ಅದನ್ನು ಓದಿ ಯಾರೂ ಚಪ್ಪಲಿ ಹಾಕಿಕೊಳ್ಳುವುದಿಲ್ಲ. ಬದಲಿಗೆ ಇದನ್ನು ನೋಡಿ: ‘ಈ ಹಾಳೆ ತಂದರೆ ಕಣ್ಣಿನ ಟೆಸ್ಟ್ ಫ್ರೀ. ತಿಂಗಳ 25ರವರೆಗೆ.’ ಒಂದು ಆಫರ್, ಒಂದು ಕೊನೆ ದಿನಾಂಕ, ಒಂದು ಫೋನ್ ನಂಬರ್, ಒಂದು ಗುರುತು. ವಿಳಾಸದಲ್ಲಿ ಡೋರ್ ನಂಬರ್‌ಗಿಂತ ‘ಜಯದೇವ ಸರ್ಕಲ್ ಹತ್ತಿರ’ ಎಂಬುದು ಹೆಚ್ಚು ಕೆಲಸ ಮಾಡುತ್ತದೆ. ಭಾಷೆ ಕನ್ನಡವೇ ಇರಲಿ, ಮನೆಯಲ್ಲಿ ಖರ್ಚು ನಿರ್ಧರಿಸುವ ಅಮ್ಮ, ಅಜ್ಜಿ ಓದುವುದು ಅದನ್ನೇ.

ಕೆಲವರು ಮೇಲೆ ಮನೆದೇವರ ಫೋಟೋ ಬೇಕು ಅನ್ನುತ್ತಾರೆ. ಹಾಳೆ ನೆಲಕ್ಕೆ ಬೀಳುತ್ತೆ, ಯಾರಾದರೂ ತುಳಿಯಬಹುದು ಅಂತ ನೆನಪಿಸಿ. ತಕ್ಷಣ ಒಪ್ಪುತ್ತಾರೆ. ಆ ಜಾಗ ಆಫರ್‌ಗೆ ಸಿಗುತ್ತದೆ.

11. ಪ್ರತಿ ನಂಬರ್‌ಗೂ ಡಯಲ್ ಮಾಡಿ

ಪ್ರೂಫ್ ನೋಡಿ ಒಂದೊಂದು ನಂಬರ್‌ಗೂ ಕಾಲ್ ಮಾಡಿ. ಅಂಗಡಿಯವರೇ ಎತ್ತಿದರೆ ಸರಿ. ಆಮೇಲೆ ಪ್ರೂಫನ್ನು ವಾಟ್ಸ್‌ಆ್ಯಪ್ ಮಾಡಿ, ‘ಓಕೆ’ ಅಂತ ಬರಹದಲ್ಲಿ ತರಿಸಿಕೊಳ್ಳಿ. 5,000 ಹಾಳೆಯಲ್ಲಿ ಒಂದು ಅಂಕಿ ತಪ್ಪಿದರೆ ತಿದ್ದಲು ಆಗುವುದಿಲ್ಲ.

12. ಬೆಳಗಿನ ಜಾವ ಒಮ್ಮೆ ನೀವೇ ನಿಲ್ಲಿ

ಪೇಪರ್ ಏಜೆಂಟರ ಹುಡುಗರು ಹಾಳೆ ಸೇರಿಸುವುದು ನೀವು ಏಳುವ ಮುಂಚೆ. ಬಂಡಲ್‌ಗಳು ಬಂದಿಳಿಯುವ ಜಾಗಕ್ಕೆ ಹೋಗಿ. ಯಾವ ಲೈನ್‌ಗೆ ಎಷ್ಟು ಪ್ರತಿ, ಯಾವ ಪತ್ರಿಕೆ, ಯಾವ ಬಡಾವಣೆ ಎಲ್ಲ ಏಜೆಂಟರಿಂದ ಬರೆಸಿಕೊಳ್ಳಿ. ದಾವಣಗೆರೆಯಲ್ಲಿ ಪ್ರಜಾವಾಣಿ, ವಿಜಯ ಕರ್ನಾಟಕ ಓದುವ ಮನೆಗಳಿವೆ, ಊರಿನದೇ ಆದ ಜನತಾವಾಣಿ ಓದುವ ಮನೆಗಳೂ ಇವೆ. ಎರಡೂ ಕಡೆ ಹಂಚಿ. ಅರ್ಧ ದುಡ್ಡು ಮುಂಚೆ, ಅರ್ಧ ಹಂಚಿದ ಮೇಲೆ ಕೊಡಿ. ಆ ಬೆಳಿಗ್ಗೆಯೇ ಮೂರು ಬೇರೆ ಬೇರೆ ರಸ್ತೆಯ ಪರಿಚಯದವರಿಗೆ ಫೋನ್ ಮಾಡಿ, ಹಾಳೆ ಬಂತಾ ಕೇಳಿ. ನೀವು ವಿಚಾರಿಸುತ್ತೀರಿ ಎಂಬುದು ಗೊತ್ತಾದರೆ ಬಂಡಲ್ ರದ್ದಿ ಅಂಗಡಿ ದಾರಿ ಹಿಡಿಯುವುದಿಲ್ಲ. ಹುಡುಗರಿಗೆ ಟೀ ಕೊಡಿಸಿ, ಮರೆಯಬೇಡಿ.

ಭಾನುವಾರ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅವತ್ತು ಪೇಪರ್ ಒಳಗಿಂದ ನಾಲ್ಕೈದು ಪಾಂಪ್ಲೆಟ್ ಉದುರುತ್ತವೆ. ಶನಿವಾರ ಹಾಕಿ, ವಾರಾಂತ್ಯಕ್ಕೆ ಜನ ಅಂಗಡಿಗೆ ಬರಲು ಒಂದು ದಿನ ಸಿಗುತ್ತದೆ.

13. ಎಷ್ಟು ಜನ ಬಂದರು, ಎಣಿಸಿ

ಈ ಇಡೀ ಪಟ್ಟಿಯಲ್ಲಿ ಒಂದನ್ನೇ ಪಾಲಿಸುತ್ತೇನೆ ಅನ್ನುವವರು ಇದನ್ನು ಪಾಲಿಸಿ. ಸಂಪಾದನೆ ನಿಲ್ಲುವುದೂ ಬೆಳೆಯುವುದೂ ಎರಡನೇ ತಿಂಗಳಿನ ಮೇಲೆ. ಪ್ರತಿ ತಿಂಗಳೂ ಹತ್ತು ಹೊಸ ಅಂಗಡಿ ಹುಡುಕುವವರು ಬೇಗ ಸುಸ್ತಾಗುತ್ತಾರೆ. ಆರು ಅಂಗಡಿ ತಾವಾಗಿಯೇ ಮುಂದುವರಿದರೆ ನೀವು ಹುಡುಕಬೇಕಾದದ್ದು ನಾಲ್ಕೇ. ಅವರು ಮುಂದುವರಿಯಬೇಕಾದರೆ ಹಾಳೆಯಿಂದ ಯಾರು ಬಂದರು ಎಂಬುದು ಕಣ್ಣಿಗೆ ಕಾಣಬೇಕು.

ಹಾಗಾಗಿ ಬಾಕ್ಸ್‌ನಲ್ಲೇ ಕತ್ತರಿಸುವ ಕೂಪನ್ ಇಡಿ. ಅಂಗಡಿಯವರಿಗೆ ಒಂದು ಸಣ್ಣ ಡಬ್ಬಿ ಕೊಟ್ಟು, ಬಂದ ಕೂಪನ್ ಅದರಲ್ಲಿ ಹಾಕಲು ಹೇಳಿ. ಫೋನ್ ಹೆಚ್ಚು ಬರುವ ವ್ಯಾಪಾರವಾದರೆ ‘ಎಲ್ಲಿ ನೋಡಿದ್ರಿ?’ ಅಂತ ಕೇಳಿ ಗೀಟು ಹಾಕಲು ಒಂದು ಪುಟ್ಟ ಪುಸ್ತಕ ಕೊಡಿ. ಹತ್ತು ದಿನ ಬಿಟ್ಟು ಹೋಗಿ, ಅವರ ಜೊತೆ ಕೂತು ಎಣಿಸಿ. ಎಂಟು ಕೂಪನ್ ಬಂದು, ಅದರಲ್ಲಿ ಮೂವರು ಕನ್ನಡಕ ಮಾಡಿಸಿದ್ದರೆ, ಒಂದೊಂದಕ್ಕೆ ಎಷ್ಟು ಉಳಿಯಿತು ಅಂತ ಅವರ ಬಾಯಲ್ಲೇ ಹೇಳಿಸಿ. ಹಾಕಿದ್ದಕ್ಕಿಂತ ಹೆಚ್ಚು ಬಂದಿದ್ದರೆ ಮುಂದಿನ ತಿಂಗಳ ರಸೀದಿ ಅಲ್ಲೇ ಬರೆಯಿರಿ. ಕಡಿಮೆ ಬಂದಿದ್ದರೆ ಅವರು ಹೇಳುವ ಮುಂಚೆ ನೀವೇ ಹೇಳಿ, ಆಫರ್ ಬದಲಿಸಿ, ಮುಂದಿನ ಸಲಕ್ಕೆ ಅರ್ಧ ರೇಟ್ ಕೊಡಿ. ಜಾಹೀರಾತು ಮಾರಿದವರು ಸಾಮಾನ್ಯವಾಗಿ ದುಡ್ಡು ತಗೊಂಡ ಮೇಲೆ ಮುಖ ತೋರಿಸುವುದಿಲ್ಲ. ನೀವು ಡಬ್ಬಿ ತೆರೆಯಲು ಹೋದದ್ದೇ ದೊಡ್ಡ ವ್ಯತ್ಯಾಸ.

14. ಪಂಚಾಂಗ ಗೋಡೆ ಮೇಲಿರಲಿ

ಅಕ್ಷಯ ತೃತೀಯಕ್ಕೆ ಮುಂಚೆ ಚಿನ್ನದಂಗಡಿ, ಎಸ್ಸೆಸ್ಸೆಲ್ಸಿ ರಿಸಲ್ಟ್ ಹೊತ್ತಿಗೆ ಪಿಯು ಕಾಲೇಜು, ಟ್ಯೂಷನ್. ಶಾಲೆ ಶುರುವಾಗುವ ಮುಂಚೆ ಬ್ಯಾಗು, ಯೂನಿಫಾರ್ಮ್. ಆಷಾಢದಲ್ಲಿ ಬಟ್ಟೆ ಅಂಗಡಿಯ ಡಿಸ್ಕೌಂಟ್, ವರಮಹಾಲಕ್ಷ್ಮಿಗೆ ಸೀರೆ, ಪಾರ್ಲರ್. ಮೆಕ್ಕೆಜೋಳ ಮಾರಾಟವಾಗಿ ರೈತರ ಕೈಗೆ ದುಡ್ಡು ಬಂದಾಗ ಬೈಕ್, ಟಿವಿ, ಫರ್ನಿಚರ್. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬರುತ್ತದೆ. ಊರೆಲ್ಲ ನೆಂಟರಿಂದ ತುಂಬುವ ಆ ದಿನಗಳಿಗೆ ವಿಶೇಷ ಹಾಳೆ ಮಾಡಿ, ರೇಟ್ ಏರಿಸಿ. ಹಬ್ಬಕ್ಕೆ ಆರು ವಾರ ಮುಂಚೆ ಮಾರಾಟ ಶುರುವಾಗಬೇಕು, ಹಬ್ಬದ ವಾರದಲ್ಲಿ ಮಾಲೀಕರು ನಿಮ್ಮ ಮುಖ ನೋಡುವುದಿಲ್ಲ.

15. ನಂಬಿಕೆ ಬಂದ ಮೇಲೆ ಗೂಗಲ್ ಮಾರಿ

ಎರಡು ಹಾಳೆ ಆದ ಮೇಲೆ ಅದೇ ಅಂಗಡಿಯವರಿಗೆ ಮ್ಯಾಪ್ ತೋರಿಸಿ. ‘ಆಪ್ಟಿಕಲ್ಸ್ ದಾವಣಗೆರೆ’ ಅಂತ ಹುಡುಕಿದರೆ ಅವರು ಕಾಣುತ್ತಾರಾ? ಟೈಮಿಂಗ್ ಸರಿಯಿದೆಯಾ? ಫೋಟೋ ಹಳೇ ಬೋರ್ಡ್‌ನದ್ದಾ? ಗೂಗಲ್ ಬಿಸಿನೆಸ್ ಪ್ರೊಫೈಲ್ ಪೂರ್ತಿ ಉಚಿತ, ಇದನ್ನು ಅವರಿಗೆ ಹೇಳಿಯೇ ಬಿಡಿ. ನೀವು ದುಡ್ಡು ತಗೊಳ್ಳುವುದು ನೋಡಿಕೊಳ್ಳುವುದಕ್ಕೆ: ವಾರಕ್ಕೊಂದು ಫೋಟೋ, ಹಬ್ಬದ ರಜೆಯ ಟೈಮಿಂಗ್, ರಿವ್ಯೂಗಳಿಗೆ ಉತ್ತರ, ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್. ತಿಂಗಳಿಗೆ 1,000 ಕೇಳಿ. ಐದು ಅಂಗಡಿ ಒಪ್ಪಿದರೆ ಪ್ರಿಂಟಿಂಗ್ ಖರ್ಚಿಲ್ಲದ 5,000.

ಇಲ್ಲಿ ಎರಡು ಗೆರೆ ದಾಟಬೇಡಿ. ಪ್ರೊಫೈಲ್ ಮಾಲೀಕರ ಜಿಮೇಲ್‌ನಲ್ಲೇ ಇರಬೇಕು, ನೀವು ಮ್ಯಾನೇಜರ್ ಮಾತ್ರ. ಹುಸಿ ರಿವ್ಯೂ ಬರೆಸಬೇಡಿ, ಗೂಗಲ್ ಕಿತ್ತುಹಾಕಿದರೆ ಅಂಗಡಿಯ ಹೆಸರು ಕೆಡುತ್ತದೆ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಮಾಡುವಾಗಲೂ ನೆನಪಿಡಿ, ಒಂದು ಲಿಸ್ಟ್‌ಗೆ 256 ಜನ, ಅದೂ ಅಂಗಡಿ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಆದ್ದರಿಂದ ‘ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ’ ಎಂಬ ಚೀಟಿ ಬಿಲ್ ಜೊತೆ ಹೋಗಲಿ.

16. ಫ್ಲೆಕ್ಸ್ ಆರ್ಡರ್ ಬಿಟ್ಟುಬಿಡಿ

ಸುಲಭದ ದುಡ್ಡು ಅನಿಸುತ್ತದೆ. ಆದರೆ ರಾಜ್ಯದ 2016ರ ಪ್ಲಾಸ್ಟಿಕ್ ನಿಷೇಧದಲ್ಲೇ ಫ್ಲೆಕ್ಸ್, ಬ್ಯಾನರ್ ಸೇರಿವೆ. 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್ 2022ರ ಜುಲೈ 1ರಿಂದ ದೇಶದಲ್ಲೇ ನಿಷಿದ್ಧ. ಪಾಲಿಕೆಯವರು ಬಂದು ಕಿತ್ತರೆ ಗಿರಾಕಿಯ ದುಡ್ಡೂ ಹೋಯಿತು, ನಿಮ್ಮ ಮಾತೂ ಹೋಯಿತು. ಅದರ ಬದಲು ಅಂಗಡಿಯ ನಾಮಫಲಕ ನೋಡಿ. 2024ರ ತಿದ್ದುಪಡಿಯ ನಂತರ ಫಲಕದಲ್ಲಿ ಶೇ 60 ಕನ್ನಡ ಇರಬೇಕು. ಇಲ್ಲದವರಿಗೆ ಬೋರ್ಡ್ ಮಾಡುವವರನ್ನು ತೋರಿಸಿ, ಕಮಿಷನ್ ಮಾತಾಡಿಕೊಳ್ಳಿ.

17. ಇರುವ ನೌಕರಿ ಉಳಿಸಿಕೊಳ್ಳಿ

ಅಪಾಯಿಂಟ್‌ಮೆಂಟ್ ಲೆಟರ್ ಇವತ್ತೇ ತೆಗೆದು ಓದಿ. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೋ ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದರೆಂದು 300 ಜನರನ್ನು ತೆಗೆದುಹಾಕಿದ್ದಾಗಿ ಹೇಳಿತು. ನಿಮ್ಮದು ಅಂಥ ಪ್ರಕರಣ ಅಲ್ಲದಿದ್ದರೂ ಹೊರಗಿನ ಕೆಲಸಕ್ಕೆ ಮುಂಚೆ ಅನುಮತಿ ಬೇಕೆಂಬ ಷರತ್ತು ಇರಬಹುದು. ಇದ್ದರೆ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ. ಸರ್ಕಾರಿ ನೌಕರರಾಗಿದ್ದರೆ 2021ರ ನಡತೆ ನಿಯಮಗಳು ಖಾಸಗಿ ವ್ಯಾಪಾರಕ್ಕೆ ಅಡ್ಡ ಬರುತ್ತವೆ, ಹೆಂಡತಿ ಅಥವಾ ಗಂಡನ ಹೆಸರಲ್ಲಿ ಮಾಡುವ ಯೋಚನೆ ಇದ್ದರೂ ನಿಯಮ ಓದಿಯೇ ಮುಂದುವರಿಯಿರಿ. ಆಫೀಸ್ ಟೈಮಿನಲ್ಲಿ ಪ್ರೆಸ್‌ಗೆ ಫೋನ್ ಬೇಡ.

18. ಪುಸ್ತಕ ಬರೆಯಿರಿ

ಬೇರೆ ಬ್ಯಾಂಕ್ ಖಾತೆ, ಒಂದು ನೋಟ್‌ಬುಕ್. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಸೇವೆ ಮಾರುವವರಿಗೆ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟಿನವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನಂಬರ್ ಇಲ್ಲದೆ ಬಿಲ್‌ನಲ್ಲಿ ಜಿಎಸ್‌ಟಿ ಸೇರಿಸಿ ವಸೂಲಿ ಮಾಡುವುದು ತಪ್ಪು, ಅದರ ಆಸೆ ಬೇಡ. ಉದ್ಯಮ್ ನೋಂದಣಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ನೀವೇ ಮಾಡಿಕೊಳ್ಳಬಹುದು, ಏಜೆಂಟರಿಗೆ ದುಡ್ಡು ಕೊಡಬೇಡಿ. ಬಂದ ಲಾಭವನ್ನು ರಿಟರ್ನ್ಸ್‌ನಲ್ಲಿ ತೋರಿಸಿ. ಮುಂದೆ ಲೋನ್ ಕೇಳಲು ಹೋದಾಗ ಬ್ಯಾಂಕ್ ಮ್ಯಾನೇಜರ್ ನೋಡುವುದು ಅದನ್ನೇ.

19. ಹರಿಹರಕ್ಕೆ ಹೋಗಿ

ಒಂದು ಊರಿನ ಹಾಳೆ ಮೂರು ಸಲ ತುಂಬಿದ ಮೇಲೆ ಅದೇ ಊರಲ್ಲಿ ಹಾಳೆಯ ಸಂಖ್ಯೆ ಏರಿಸಲು ಹೋಗಬೇಡಿ. ಪಕ್ಕದ ಊರು ಹಿಡಿಯಿರಿ. ದಾವಣಗೆರೆಯಿಂದ ಹರಿಹರ ಸುಮಾರು 14 ಕಿಲೋಮೀಟರ್. ಅಲ್ಲಿಗೆ ಒಬ್ಬ ಕ್ಲಾಸ್‌ಮೇಟ್‌ನನ್ನೋ ತಂಗಿಯನ್ನೋ ಜೊತೆ ಮಾಡಿಕೊಂಡು, ಅವರು ಮಾರಿದ ಬಾಕ್ಸ್‌ಗೆ ಶೇ 20 ಕಮಿಷನ್ ಅಂತ ಮೊದಲೇ ಬರೆದುಕೊಡಿ. ದುಡ್ಡು ವಸೂಲಾದ ಮೇಲೆ ಮಾತ್ರ ಕಮಿಷನ್. ಕಮಿಷನ್ ಸೇರಿಸಿ ಎರಡನೇ ಸೂತ್ರದ ಲೆಕ್ಕವನ್ನು ಮತ್ತೆ ಹಾಕಿ, ಪ್ರತಿ ಬಾಕ್ಸೂ ಅವರೇ ಮಾರಿದರೆ ಏಳಕ್ಕೆ ಮುಗಿಯುತ್ತಿದ್ದದ್ದು ಒಂಬತ್ತಕ್ಕೆ ಹೋಗುತ್ತದೆ. ಅದಕ್ಕೇ ಹರಿಹರದ ಹಾಳೆಯ ಮೊದಲ ಮೂರು ಬಾಕ್ಸ್ ನೀವೇ ಮಾರಿ, ಅದೂ ದಾವಣಗೆರೆಯಲ್ಲೇ ಕೂತು. ಹರಿಹರದಿಂದ ಗಿರಾಕಿಗಳು ಬರುವ ಕೋಚಿಂಗ್ ಸೆಂಟರ್, ಮದುವೆ ಸೀರೆಯ ಅಂಗಡಿ, ಫರ್ನಿಚರ್ ಶೋರೂಂನವರ ನಂಬರ್ ನಿಮ್ಮ ರಸೀದಿ ಪುಸ್ತಕದಲ್ಲಿ ಆಗಲೇ ಇವೆ. ಊಟದ ಹೊತ್ತು ಕಳೆಯಲಿ, ಫೋನ್ ಮಾಡಿ.